ಮಾವನ ಪದ್ಮಿನಿಯನ್ನು ತಗ್ಗಿಸಿದ್ದು

ಮಾರ್ಚ್ ಎರಡು, ಭಾನುವಾರ. ಕುಮಟಾದ ಮಾವನ ಮನೆಯ ಅಂಗಳದಿಂದ ಪದ್ಮಿನಿ ಕಾರನ್ನು ನಾನೇ ಓಡಿಸಿಕೊಂಡು ಹೊನ್ನಾವರದ ಬಳಿಯ ಕಾಸರಕೋಡಿಗೆ, ನಮ್ಮ ಮನೆಗೆ ತಂದ ದಿನ. ಡೈರಿಯ ಆ ಪುಟದಲ್ಲಿ ನಾಲ್ಕೇ ಸಾಲು ಇವೆ. ಹೊರಟದ್ದು ಹತ್ತೂಕಾಲಿಗೆ, ಮುಟ್ಟಿದ್ದು ಹನ್ನೊಂದೂವರೆಗೆ, ದಾರಿಯಲ್ಲಿ ಎಂಜಿನ್ ನಿಂತದ್ದು ಎರಡು ಸಲ, ಹಿಂದಿನವರು ಹಾರ್ನ್ ಹೊಡೆದದ್ದು ಒಂಬತ್ತು ಸಲ.

ನಾನು ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತೇನೆ. ಪ್ರತಿ ಕೊಳವೆಯ ಮೇಲೆ ತಾರೀಕು, ಗಂಟೆ, ನಂಬರು ಬರೆಯದೆ ಅಲ್ಲಿ ಒಂದು ಹನಿಯೂ ಅಲುಗುವುದಿಲ್ಲ. ಆ ಅಭ್ಯಾಸ ಮನೆಗೂ ಬಂದಿದೆ. ಉಪ್ಪಿನಕಾಯಿ ಭರಣಿಯ ಮೇಲೆ ಹಾಕಿದ ದಿನ ಬರೆದಿದ್ದೇನೆ, ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ ಗೋಡೆಯ ಮೇಲಿದೆ. ನೆಂಟರು ಬಂದರೆ ಅವಳಿಂದ ದೂರ ಕೂತುಕೊಳ್ಳಿ, ಹಣೆಗೆ ಚೀಟಿ ಅಂಟಿಸಿಯಾಳು ಎಂದು ಅಮ್ಮ ಮೊದಲೇ ಎಚ್ಚರಿಸುತ್ತಾಳೆ.

ಮಾವ ಅಂದರೆ ಅಮ್ಮನ ಅಣ್ಣ. ಮೂವತ್ತೊಂದು ವರ್ಷ ಬಸ್ಸಿನ ಡ್ರೈವರ್ ಆಗಿದ್ದವರು, ಅದರಲ್ಲಿ ಹೆಚ್ಚಿನ ವರ್ಷ ಕುಮಟಾ–ಭಟ್ಕಳದ ದಾರಿಯಲ್ಲೇ. ದಿನವಿಡೀ ಬಸ್ಸು ಓಡಿಸಿ, ಮನೆಗೆ ಬಂದು, ಸಂಜೆ ಖುಷಿಗೆಂದು ಈ ಪದ್ಮಿನಿ ಓಡಿಸುತ್ತಿದ್ದರು. ನನಗಿಂತ ಹಿರಿಯ ಕಾರು, ಬೆಣ್ಣೆಯ ಬಣ್ಣ. ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇದೆ. ಎಂಟನೇ ತರಗತಿಯಿಂದ ನಾನು ಅದರ ಮೇಲೆ ಕಣ್ಣಿಟ್ಟಿದ್ದೆ. ಈಗ ಮಾವನ ಎಡ ಮೊಣಕಾಲು ಕ್ಲಚ್ ಒತ್ತಲು ಒಪ್ಪುತ್ತಿಲ್ಲ. ಮಕ್ಕಳಿಬ್ಬರೂ ಗೋವಾದಲ್ಲಿದ್ದಾರೆ, ಅವರಿಗೆ ಅವರದೇ ಕಾರುಗಳಿವೆ. ಅತ್ತೆಗೆ ಆ ಕಾರಿನಿಂದ ಇದ್ದ ಉಪಯೋಗ ಒಂದೇ: ಬಿಸಿಲಲ್ಲಿ ಕಾದ ಬಾನೆಟ್ಟಿನ ಮೇಲೆ ಹಪ್ಪಳ ಬೇಗ ಒಣಗುತ್ತಿತ್ತು.

ಉಡುಪಿ ಕಡೆಯವರೊಬ್ಬರು ಎರಡು ಸಲ ಬಂದು ಕಾರು ನೋಡಿ ಹೋಗಿದ್ದರು. ಮದುವೆಯ ಫೋಟೊಗಳಿಗೆ ಹಳೆಯ ಕಾರು ಬಾಡಿಗೆಗೆ ಕೊಡುವವರು. ಮೂರನೇ ಸಲ ಅವರು ಬರುವ ಮೊದಲು ನಾನು ಬಾಯಿಬಿಟ್ಟು ಕೇಳಿದೆ. ಮಾವ ಕರಾರು ಹಾಕಿದರು.

"ಮೇ ತಿಂಗಳ ತನಕ ಇಟ್ಕಾ. ಎಂತಾ ಬೇಕಾದ್ರೂ ಮಾಡು, ಬಣ್ಣ ಮಾತ್ರ ಮುಟ್ಟೂಕಾಗ. ಆಮೇಲೆ ನನ್ನ ಕೂರಿಸ್ಕಂಡು ಭಟ್ಕಳಕ್ಕೆ ಹೋಗಿ ಬಾ. ಬರೂ ಹೊತ್ತಿಗೆ ನನ್ನ ಸೊಂಟ ಎಂತದೂ ಹೇಳ್ದಿದ್ರೆ ಸಹಿ ಹಾಕಿ ಕೊಡ್ತೆ. ಹೇಳ್ತೋ, ಉಡುಪಿಯವ್ರಿಗೆ ಫೋನು."

ಕಾರು ನನ್ನದಾಗುವುದೂ ಬಿಡುವುದೂ ಹೀಗೆ ಮಾವನ ಸೊಂಟದ ಮೇಲೆ ನಿಂತಿತು. ಜಾಣರಾದವರು ಅಂಥ ಹೊತ್ತಿನಲ್ಲಿ ಕಾರಿನ ಸ್ಪ್ರಿಂಗನ್ನು ಮುಟ್ಟುವುದಿಲ್ಲ. ನಾನು ಮೊದಲು ಯೋಚಿಸಿದ್ದೇ ಸ್ಪ್ರಿಂಗನ್ನು.

ಕಾರಣ ಹೇಳಿಬಿಡುತ್ತೇನೆ. ಆ ಪದ್ಮಿನಿ ನಿಲ್ಲುವ ಭಂಗಿ ನನಗೆ ಹಿಡಿಸುತ್ತಿರಲಿಲ್ಲ. ಮುಂದಿನ ಚಕ್ರಕ್ಕೂ ಮೇಲಿನ ಮಡ್‌ಗಾರ್ಡಿಗೂ ನಡುವೆ ಇಡೀ ಅಂಗೈ ಹೋಗುವಷ್ಟು ಸಂದು. ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದವಳ ಹಾಗೆ ಕಾಣುತ್ತಿತ್ತು. ಹಳೆಯ ಕಾರುಗಳನ್ನು ತಗ್ಗಿಸಿ ನೆಲಕ್ಕೆ ಹತ್ತಿರ ಕೂರಿಸಿದ ಫೋಟೊಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ತಗ್ಗಿದ ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ, ರಸ್ತೆ ಚೆನ್ನಾಗಿ ಹಿಡಿಯುತ್ತದೆ ಎಂದು ಅಮ್ಮನಿಗೆ ವಿವರಿಸಿದೆ. ಅವಳು ಮೀನು ಹೆಚ್ಚುತ್ತಲೇ, ಚೆಂದ ಕಾಣೂಕೆ ಅಂತ ಹೇಳು, ಬೇಗ ಮುಗೀತದೆ, ಅಂದಳು. ಅದೂ ನಿಜವೇ.

ಮಾಡಬೇಕಾದ ಕೆಲಸಗಳ ಪಟ್ಟಿ ಬರೆದೆ. ಇಪ್ಪತ್ತೆರಡು ಆದವು. ಒಂದು, ತೊಳೆಯುವುದು. ಎರಡು, ಎಣ್ಣೆ ಬದಲಿಸುವುದು. ಮೂರು, ಎತ್ತರ ತಗ್ಗಿಸುವುದು. ಹೀಗೆ ಹೋಗಿ, ಹದಿನಾಲ್ಕನೆಯದು ಡಿಕ್ಕಿಯ ಬೀಗ, ಏಕೆಂದರೆ ಅದು ತುಕ್ಕು ಹಿಡಿದು ಕೀಲಿ ತಿರುಗುತ್ತಿರಲಿಲ್ಲ. ನನ್ನ ಪಟ್ಟಿಯಲ್ಲಿ ಮೂರಾದ ಮೇಲೆ ನಾಲ್ಕು ಬರುತ್ತದೆ. ಹದಿನಾಲ್ಕು ನಡುವೆ ನುಗ್ಗುವುದಿಲ್ಲ. ಇದು ನನ್ನ ಬಲ ಎಂದು ನಾನು ಆಗ ನಂಬಿದ್ದೆ.

ಮಾರ್ಚ್ ಮೂರರಿಂದ ಹದಿನೈದರ ತನಕ, ಹದಿಮೂರು ಬೆಳಿಗ್ಗೆ, ಲ್ಯಾಬಿಗೆ ಹೊರಡುವ ಮುಂಚೆ ಟೇಪು ಹಿಡಿದು ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಚಕ್ರದ ನಟ್ಟ ನಡುವಿನಿಂದ ಮಡ್‌ಗಾರ್ಡಿನ ಅಂಚಿನ ತನಕ ಅಳತೆ. ಮುಂದೆ ಎಡ, ಮುಂದೆ ಬಲ, ಹಿಂದೆ ಎಡ, ಹಿಂದೆ ಬಲ. ಐವತ್ತೆರಡು ಅಳತೆಗಳ ಸರಾಸರಿ ತೆಗೆದರೆ ಮುಂದೆ ೩೯೨ ಮಿಲಿಮೀಟರ್, ಹಿಂದೆ ೩೬೧. ಕಾರು ಮೂತಿ ಎತ್ತಿಕೊಂಡು, ಹಿಂಭಾಗ ಊರಿ ಕೂತಿತ್ತು. ಉತ್ತರ ಸುಲಭವಾಗಿ ಸಿಕ್ಕಿತು: ಹಿಂದೆ ಮುಟ್ಟುವುದೇ ಬೇಡ, ಮುಂದಿನದನ್ನು ಮೂವತ್ತೊಂದು ಮಿಲಿಮೀಟರ್ ಇಳಿಸಿದರೆ ಮಟ್ಟವಾಗುತ್ತದೆ. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ.

ಮಾರ್ಚ್ ಹದಿನಾರು, ಭಾನುವಾರ, ಭಟ್ಕಳ. ಅಲ್ಲಿಯ ಗ್ಯಾರೇಜುಗಳಿಗೆ ರಜೆ ಶುಕ್ರವಾರ, ಭಾನುವಾರ ಕೆಲಸ ಜೋರು. ನಾನು ಹೋದ ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಭಾಯಿ ಅನ್ನುತ್ತಾರೆ, ನಾನೂ ಹಾಗೇ ಅಂದೆ. ಹದಿನೆಂಟು ವರ್ಷ ಗಲ್ಫಿನಲ್ಲಿ ಗ್ಯಾರೇಜಿನ ಕೆಲಸ ಮಾಡಿ ಬಂದವರು. ಅಲ್ಲಿ ಕಾರುಗಳನ್ನು ಎಷ್ಟು ತಗ್ಗಿಸುತ್ತಾರೆಂದರೆ ಇರುವೆ ದಾಟಲು ತಲೆ ಬಗ್ಗಿಸಬೇಕು ಎಂದು ಹೇಳಿ, ನನ್ನ ಮುಖ ಅರಳಿದ್ದು ಕಂಡು ಕೂಡಲೇ ಸೇರಿಸಿದರು: "ಅಲ್ಲಿ ರಸ್ತೆ ಅಂದ್ರೆ ನಿಮ್ಮ ಮನೆ ನೆಲ ತರ ತಂಗಿ. ಇಲ್ಲಿ ರಸ್ತೆ ಅಂದ್ರೆ ನಿಮ್ಗೇ ಗೊತ್ತು."

ಪದ್ಮಿನಿಗೆ ಹಿಂದೆ ಕಮಾನಿನ ಹಾಗೆ ಬಾಗಿದ ಪಟ್ಟಿಗಳು, ಮುಂದೆ ಮಾತ್ರ ಸುರುಳಿ ಸ್ಪ್ರಿಂಗು. ಮುಂದಿನದನ್ನು ತಗ್ಗಿಸಲು ಇರುವ ದಾರಿಗಳನ್ನು ಭಾಯಿ ಬೆರಳು ಮಡಚಿ ಹೇಳಿದರು. ಮೋಟು ಸ್ಪ್ರಿಂಗು ಹೊಸದಾಗಿ ಸುತ್ತಿಸುವುದು ಒಂದು. ಮಂಗಳೂರಿಗೋ ಹುಬ್ಬಳ್ಳಿಗೋ ಕಳಿಸಬೇಕು, ಯಾವಾಗ ಬರುತ್ತದೆಂದು ಹೇಳುವ ಹಾಗಿಲ್ಲ. ಬೇರೆ ಕಾರಿನದು ಹೊಂದಿಸುವುದು ಇನ್ನೊಂದು. ಅಗಲ ಹೊಂದಿದರೆ ಗಟ್ಟಿತನ ಹೊಂದುವುದಿಲ್ಲ. ಗ್ಯಾಸಿನಲ್ಲಿ ಕಾಯಿಸಿ ಕೂರಿಸುವುದು ಮೂರನೆಯದು. ಅದನ್ನು ಮಾಡುವವರು ಇದ್ದಾರೆ, ಆದರೆ ಕಾಯಿಸಿದ ಸ್ಪ್ರಿಂಗು ತನ್ನ ಹದ ಮರೆತು ಒಂದು ದಿನ ಸೋತು ಕೂರುತ್ತದೆ, ತಾನು ಅದನ್ನು ಮಾಡುವುದಿಲ್ಲ ಎಂದರು. ಉಳಿದದ್ದು ಗ್ರೈಂಡರಿನಲ್ಲಿ ತಣ್ಣಗೆ, ನೀರು ಬಿಡುತ್ತ, ಒಂದಿಷ್ಟು ಸುತ್ತು ಕತ್ತರಿಸುವುದು.

ನಾನು ಡೈರಿ ತೆರೆದು ಒಂದು ಪೂರ್ತಿ ಸುತ್ತು ಎಂದೆ. ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಿನ ಅಂತರ ಮೂವತ್ತು ಮಿಲಿಮೀಟರ್, ನನಗೆ ಬೇಕಾದದ್ದು ಮೂವತ್ತೊಂದು. ಭಾಯಿ ಡೈರಿಯನ್ನು ಗೌರವದಿಂದಲೇ ನೋಡಿದರು. ಆಮೇಲೆ ನನ್ನನ್ನು ಗ್ಯಾರೇಜಿನ ಬಾಗಿಲ ಹತ್ತಿರ ಕರೆದುಕೊಂಡು ಹೋಗಿ, ಬಾಗಿಲು ತಿರುಗುವ ಹಿಂಜಿನ ಪಕ್ಕದಲ್ಲಿ ಬೆರಳಿಟ್ಟು ಅದನ್ನು ಒಂದಿಷ್ಟು ತಳ್ಳಿದರು. ಹಿಂಜಿನ ಹತ್ತಿರ ಒಂದು ಬೆರಳು ಸರಿದರೆ ಹಿಡಿಯ ಹತ್ತಿರ ಒಂದು ಗೇಣು. ಸ್ಪ್ರಿಂಗು ಕೂರುವುದು ಒಳಗೆ, ಹಿಂಜಿನ ಕಡೆ. ಚಕ್ರ ಇರುವುದು ಹೊರಗೆ, ಹಿಡಿಯ ಕಡೆ. ಒಳಗೆ ಇಷ್ಟೇ ಕತ್ತರಿಸಿದರೂ ಹೊರಗೆ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹದಿಮೂರು ಬೆಳಿಗ್ಗೆಯ ನನ್ನ ಲೆಕ್ಕ ಒಂದು ಬಾಗಿಲ ಮುಂದೆ ಬಿದ್ದುಹೋಯಿತು. ಅರ್ಧ ಸುತ್ತು ಕತ್ತರಿಸಿ ನೋಡುವ, ಬೇಕಾದರೆ ಮತ್ತೆ ಕತ್ತರಿಸಬಹುದು, ಕತ್ತರಿಸಿದ್ದನ್ನು ಅಂಟಿಸಲಾಗದು ಎಂದರು.

ಜಾಕು ಕೊಡುವ ಮುಂಚೆ ಭಾಯಿ ಒಂದು ಪ್ರಶ್ನೆ ಕೇಳಿದರು. ಈ ಪ್ರಶ್ನೆಯನ್ನು ನಾನು ಡೈರಿಯಲ್ಲಿ ಬರೆದುಕೊಂಡಿರಲಿಲ್ಲ. ಆಮೇಲೆ ಬರೆಯಬೇಕಾಯಿತು.

"ಅಳತೆ ತೆಗಿವಾಗ ಗಾಡಿ ಖಾಲಿ ಇತ್ತಾ?"

ಖಾಲಿ ಅಂದೆ. ಅವರು ಡಿಕ್ಕಿಯ ಮೇಲೆ ಒಮ್ಮೆ ತಟ್ಟಿ, ಹಿಡಿ ಎಳೆದು ನೋಡಿದರು. ಬೀಗ ಹಿಡಿದಿದೆ, ಅದು ಹದಿನಾಲ್ಕನೇ ಕೆಲಸ ಎಂದು ಪಟ್ಟಿ ತೋರಿಸಿದೆ. ಇಷ್ಟು ನೀಟಾಗಿ ಪಟ್ಟಿ ಬರೆದವಳು ಖಾಲಿ ಅಂದ ಮೇಲೆ ಖಾಲಿಯೇ ಎಂದು ಅವರು ಒಪ್ಪಿಬಿಟ್ಟರು.

ಅರ್ಧ ಸುತ್ತಿಗೆ ಸಾಕಷ್ಟು ಇಳಿಯಲಿಲ್ಲ. ಮತ್ತೆ ಬಿಚ್ಚಿ ಕಾಲು ಸುತ್ತು ಕತ್ತರಿಸಿದರು. ಒಟ್ಟು ಮುಕ್ಕಾಲು. ಮುಂದಿನ ಅಳತೆ ೩೬೩. ಕತ್ತರಿಸಿ ಬಿದ್ದ ತುಂಡುಗಳನ್ನು ಭಾಯಿ ಒರೆಸಿ ನನ್ನ ಕೈಗೆ ಕೊಟ್ಟು, ಬಳೆ ಮಾಡಿಸಿಕೊಳ್ಳಿ ಎಂದರು. ನಾನು ಎಡ, ಬಲ ಎಂದು ಚೀಟಿ ಕಟ್ಟಿ ಇಟ್ಟುಕೊಂಡೆ.

ಸಂಜೆ ಕಾಸರಕೋಡಿನಲ್ಲಿ ನಿಲ್ಲಿಸಿ ದೂರದಿಂದ ನೋಡಿದೆ. ಮಟ್ಟಕ್ಕೆ ಮಟ್ಟ. ಚಕ್ರಗಳು ಮಡ್‌ಗಾರ್ಡಿನ ಒಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಹದಿನೇಳು ಫೋಟೊ ತೆಗೆದೆ. ಮೀನು ಒಣಗಿಸಲು ಬರುವ ಹೆಂಗಸರಲ್ಲಿ ಒಬ್ಬಳು ಬುಟ್ಟಿ ಇಳಿಸಿ, ಗಾಡಿ ಕೂತ್ಕಂಡದೆ, ಸುಸ್ತಾಯ್ತಾ ಎಂದು ಕೇಳಿದಳು.

ಅಲ್ಲಿಂದ ನಾಲ್ಕು ವಾರ ನನ್ನ ಸುಖದ ಕಾಲ. ಕಾರು ತಿರುವಿನಲ್ಲಿ ನಿಜವಾಗಿಯೂ ವಾಲುತ್ತಿರಲಿಲ್ಲ. ಕತ್ತರಿಸಿದ ಸ್ಪ್ರಿಂಗು ಮೊದಲಿಗಿಂತ ಬಿಗಿ, ಆದ್ದರಿಂದ ಸಣ್ಣ ಕಲ್ಲು ಸಿಕ್ಕರೂ ಅದರ ಸುದ್ದಿ ನನ್ನ ಹಲ್ಲಿನ ತನಕ ಬರುತ್ತಿತ್ತು, ಅದು ಬೇರೆ ಮಾತು. ಹಂಪುಗಳಿಗೆ ಒಂದು ಪುಟ ಇಟ್ಟೆ. ಮನೆಯಿಂದ ಶರಾವತಿ ಸೇತುವೆ ದಾಟಿ ಲ್ಯಾಬಿನ ತನಕ ಏಳು ಹಂಪು. ಮೊದಲ ವಾರ ದಿನಕ್ಕೆ ಐದು ಕಾರಿನ ಹೊಟ್ಟೆಗೆ ತಾಗಿದವು. ಕಾರನ್ನು ಓರೆಯಾಗಿ, ಒಂದು ಚಕ್ರದ ನಂತರ ಇನ್ನೊಂದು ಚಕ್ರ ಹತ್ತಿಸುವ ಉಪಾಯ ಕಲಿತ ಮೇಲೆ ಎರಡಕ್ಕೆ ಇಳಿಯಿತು. ಹಾಗೆ ಓರೆ ಹೋಗುವಾಗ ನನ್ನ ಹಿಂದಿದ್ದ ರಿಕ್ಷಾದವರು, ಇವಳು ಎಡಕ್ಕೋ ಬಲಕ್ಕೋ ಎಂದು ತಿಳಿಯದೆ ನಿಂತೇಬಿಡುತ್ತಿದ್ದರು. ಅಮ್ಮ ಒಂದೇ ಸಲ ಹತ್ತಿ, ಹೊನ್ನಾವರದಲ್ಲಿ ಇಳಿದು, ವಾಪಸು ಬಸ್ಸಿಗೆ ಬಂದಳು.

ಏಪ್ರಿಲ್ ಹದಿಮೂರು, ಭಾನುವಾರ. ಪಟ್ಟಿ ಹದಿನಾಲ್ಕಕ್ಕೆ ಬಂತು. ಬೀಗಕ್ಕೆ ತುಕ್ಕಿನೆಣ್ಣೆ ಬಿಟ್ಟು, ಒಂದು ತಾಸು ಕಾದು, ಕೀಲಿ ಹಾಕಿ ಅಲ್ಲಾಡಿಸಿದೆ. ಹನ್ನೊಂದನೇ ಸಲಕ್ಕೆ ತಿರುಗಿತು. ಮುಚ್ಚಳ ಎತ್ತಿದೆ.

ಒಳಗೆ ಗೋಣಿಚೀಲ ಹಾಸಿ, ಅದರ ಮೇಲೆ ನಾಲ್ಕು ಚಿರೆಕಲ್ಲುಗಳನ್ನು ಚೆನ್ನಾಗಿ ಜೋಡಿಸಿ ಇಡಲಾಗಿತ್ತು. ಮನೆ ಕಟ್ಟುವ ಪೂರ್ತಿ ಕಲ್ಲುಗಳು. ಒಂದನ್ನು ಎತ್ತಿ ಇಳಿಸುವಾಗಲೇ ನನಗೆ ಏದುಸಿರು. ಎರಡನೆಯದನ್ನು ಇಳಿಸುವಾಗ ಕಾರಿನ ಹಿಂಭಾಗ ನಿಟ್ಟುಸಿರು ಬಿಟ್ಟ ಹಾಗೆ ಮೇಲೆದ್ದಿತು. ನಾಲ್ಕೂ ಇಳಿದ ಮೇಲೆ ಟೇಪು ತಂದೆ. ಹಿಂದೆ ೩೯೭, ಮುಂದೆ ೩೫೫.

ಆ ಐವತ್ತೆರಡು ಅಳತೆಗಳನ್ನು ನಾನು ತೆಗೆದದ್ದು ನಾಲ್ಕು ಕಲ್ಲು ಹೊತ್ತ ಕಾರಿನಿಂದ.

ಮಾವನಿಗೆ ಫೋನು ಮಾಡಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಮನೆಗೆ ಹತ್ತುವ ದಾರಿ ಕೆಮ್ಮಣ್ಣಿನ ಏರು, ಜೂನ್ ಬಂದರೆ ಹಿಂದಿನ ಚಕ್ರ ಅಲ್ಲಿ ತಿರುಗುತ್ತ ನಿಂತಲ್ಲೇ ನಿಲ್ಲುತ್ತದೆ, ಅದಕ್ಕೇ ಮಳೆ ಹಿಡಿಯುವಾಗ ಡಿಕ್ಕಿಗೆ ಕಲ್ಲು ಹಾಕುವುದು, ದೀಪಾವಳಿಗೆ ತೆಗೆಯುವುದು. ಎಷ್ಟೋ ವರ್ಷದ ಪದ್ಧತಿ. ಕಳೆದ ದೀಪಾವಳಿಗೆ ಮೊಣಕಾಲು ಬಗ್ಗಲಿಲ್ಲ, ಕಲ್ಲು ಅಲ್ಲೇ ಉಳಿದವು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಅಷ್ಟೆಲ್ಲ ಅಳತೆ ತೆಗೀತೆ ಅಂದ್ಲು ನಿನ್ನ ಅಮ್ಮ," ಅಂದರು ಮಾವ. "ಡಿಕ್ಕಿ ತೆರೀದೆ ಎಂತದು ಅಳ್ದೆ ಮಗಾ? ಗಾಳಿಯಾ?"

ಅಷ್ಟು ಹೇಳಿ ಅವರು ಫೋನನ್ನು ಅತ್ತೆಗೆ ಕೊಟ್ಟರು. ಅತ್ತೆ ನಗುತ್ತಿದ್ದರು.

ಕಾರು ಈಗ ಮೂತಿಯನ್ನು ನೆಲಕ್ಕೆ ಹಚ್ಚಿ, ಹಿಂಭಾಗ ಎತ್ತಿ ನಿಂತಿತ್ತು. ಸೋಮವಾರ ಬೆಳಿಗ್ಗೆ ಅದೇ ಮೀನಿನ ಹೆಂಗಸು ಬುಟ್ಟಿ ಸಮೇತ ನಿಂತು ಬಹಳ ಹೊತ್ತು ನೋಡಿ ಕೇಳಿದಳು: "ಈಗ ಎಂತಾ ಹುಡುಕ್ತದೆ ತಂಗಿ ಇದು? ಕಿವಿ ಓಲೆ ಬಿದ್ದೋಯ್ತಾ?" ಅವಳ ಜೊತೆಯವರು ನಾಲ್ಕು ಮಂದಿ. ಲ್ಯಾಬಿಗೆ ಹೊರಡುವ ತನಕ ನಾನು ಮನೆಯಿಂದ ಹೊರಗೆ ಬರಲಿಲ್ಲ.

ಕರಾರಿನ ದಿನಕ್ಕೆ ಐದು ವಾರ ಉಳಿದಿತ್ತು. ಮೇ ಹದಿನೆಂಟಕ್ಕೆ ಹೋಗುವುದೆಂದು ಮಾವ ಆಗಲೇ ಹೇಳಿದ್ದರು. ಅಮ್ಮನಿಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಕಲ್ಲು ವಾಪಸು ಇಡು, ಕಾರು ಮಟ್ಟ ಆಗುತ್ತದೆ, ಇಟ್ಟವನೇ ನಿನ್ನ ಮಾವ, ಅವನೇನು ಬೈಯುತ್ತಾನಾ ಎಂದಳು. ಒಂದು ರಾತ್ರಿ ಪೂರ್ತಿ ನನಗೂ ಅದೇ ಸರಿ ಕಂಡಿತು. ಆದರೆ ಆ ಬಿಗಿ ಸ್ಪ್ರಿಂಗಿನ ಮೇಲೆ ಕೂತು ಮಾವನ ಸೊಂಟ ಭಟ್ಕಳದ ತನಕ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ. ಹಂಪಿನ ಪುಟವೇ ಅದನ್ನು ಹೇಳುತ್ತಿತ್ತು.

ಏಪ್ರಿಲ್ ಇಪ್ಪತ್ತಕ್ಕೆ ಕಾರನ್ನು ಮನೆಯಲ್ಲೇ ಬಿಟ್ಟು, ಸ್ಕೂಟಿಯಲ್ಲಿ ಹೋಗಿ, ಭಾಯಿಯ ಮುಂದೆ ನಿಂತು ಕಲ್ಲಿನ ಕತೆ ಹೇಳಿದೆ. ಅವರು ನಗಲಿಲ್ಲ. ಕೈಯ ಗ್ರೀಸು ಒರೆಸುತ್ತ, ತಾನು ಕೇಳಿದ್ದೆನಲ್ಲ ಎಂದೂ ಹೇಳಲಿಲ್ಲ. ಒಳಗೆ ಹೋಗಿ ಒಂದು ಕುರ್ಚಿ ತಂದು ಹಾಕಿ ಕೂರಲು ಹೇಳಿದರು. ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ.

"ನಿಲ್ಲೋಕೆ ನಾಲ್ಕು ಕಲ್ಲು ಬೇಕು ಅಂದ್ರೆ ಅದು ತಗ್ಗಿಸಿದ ಗಾಡಿ ಅಲ್ಲ ತಂಗಿ, ಹೇರಿದ ಗಾಡಿ," ಅಂದರು ಕೊನೆಗೆ. "ಮೊದಲಿಂದ ಮಾಡುವ."

ಮೊದಲಿನಿಂದ ಮಾಡಲು ಕತ್ತರಿಸದ ಸ್ಪ್ರಿಂಗು ಬೇಕು. ಭಟ್ಕಳದ ಪಕ್ಕದ ಹೆಬಳೆಯಲ್ಲಿ ಒಬ್ಬರ ಕೊಟ್ಟಿಗೆಯ ಹಿಂದೆ ಹಳೆಯ ಬಾಡಿಗೆ ಪದ್ಮಿನಿಯೊಂದು ಕೂತಿದೆ ಎಂದು ಭಾಯಿಗೆ ಗೊತ್ತಿತ್ತು. ಅವರ ಸ್ಕೂಟರಿನ ಹಿಂದೆ ನನ್ನ ಸ್ಕೂಟಿ. ಆ ಕಾರಿಗೆ ಎಂಜಿನ್ ಇರಲಿಲ್ಲ, ಬಾಗಿಲು ಎರಡೇ, ಒಳಗೆ ಸೌತೆಯ ಜಾತಿಯ ಮೊಗೆಬಳ್ಳಿ ಹಬ್ಬಿತ್ತು. ಮನೆಯ ಯಜಮಾನರು ಸ್ಪ್ರಿಂಗು ತೆಗೆಯಿರಿ, ಬಳ್ಳಿ ಕಡಿಯಬೇಡಿ ಎಂದರು. ಬಳ್ಳಿಯನ್ನು ಹಗ್ಗದಿಂದ ಎತ್ತಿ ಕಟ್ಟಿ, ಎರಡೂ ಸ್ಪ್ರಿಂಗು ಬಿಚ್ಚಲು ಮೂರು ತಾಸು ಹಿಡಿಯಿತು. ಬರುವಾಗ ಎರಡು ಮೊಗೆಕಾಯಿಯನ್ನೂ ಕೊಟ್ಟರು.

ಮುಂದಿನ ಭಾನುವಾರ ಕಾರು ಒಯ್ದಾಗ ಭಾಯಿ ನನ್ನ ಡೈರಿಗೆ ಮೊದಲ ಸಾಲು ತಾವೇ ಹೇಳಿ ಬರೆಸಿದರು: ಡಿಕ್ಕಿ ಖಾಲಿ, ಕಣ್ಣಾರೆ ನೋಡಿದೆ. ಕೆಳಗೆ ನನ್ನ ಸಹಿ ಹಾಕಿಸಿದರು. ಹೆಬಳೆಯ ಸ್ಪ್ರಿಂಗುಗಳನ್ನು ಕತ್ತರಿಸದೆ ಹಾಗೇ ಕೂರಿಸಿ ಅಳೆದಾಗ ಮುಂದೆ ೩೮೪, ಹಿಂದೆ ೩೯೭. ಅಂದರೆ ಮಾವನ ಕಾರು ಖಾಲಿ ಇದ್ದಾಗ ಮೂತಿ ಎತ್ತಿ ನಿಂತದ್ದೇ ಇಲ್ಲ. ನಾನು ಸರಿಪಡಿಸಲು ಹೊರಟಿದ್ದ ದೋಷ ಮಾವನ ಡಿಕ್ಕಿಯಲ್ಲಿತ್ತು.

ಎಷ್ಟು ತಗ್ಗಿಸಬೇಕೆಂಬ ಮಾತು ಬಂತು. ನಾನು ನಲವತ್ತು ಎಂದೆ. ಭಾಯಿ ಹಂಪಿನ ಪುಟ ತೋರಿಸಿ ಎಂದರು. ಇಪ್ಪತ್ತೈದಕ್ಕೆ ಇಳಿದೆ. ಕೂರುವವರಿಗೆ ವಯಸ್ಸೆಷ್ಟು ಎಂದು ಕೇಳಿದರು. ಅರವತ್ತೆಂಟು. ಇಪ್ಪತ್ತರ ಒಳಗೆ ಎಂದು ಇಬ್ಬರೂ ಒಪ್ಪಿದೆವು. ಮುಂದೆ ಕಾಲು ಸುತ್ತಿಗಿಂತ ಸ್ವಲ್ಪ ಹೆಚ್ಚು ಕತ್ತರಿಸಿ, ತುದಿಯನ್ನು ಉಜ್ಜಿ ನಯ ಮಾಡಿದರು. ಹಿಂದೆ ಪಟ್ಟಿಗಳನ್ನು ಬಿಚ್ಚಿ, ತಿಕ್ಕಿ, ಗ್ರೀಸು ಹಾಕಿ, ಎರಡೂ ಕಡೆ ಒಂದೊಂದು ಪಟ್ಟಿ ಕಡಿಮೆ ಮಾಡಿ ಕೂರಿಸಿದರು. ಮೇ ನಾಲ್ಕರ ಸಂಜೆ ಕೊನೆಯ ಅಳತೆ: ಮುಂದೆ ೩೭೦, ಹಿಂದೆ ೩೭೯. ಮುಂದೆ ಹದಿನಾಲ್ಕು ಮಿಲಿಮೀಟರ್ ಇಳಿದಿತ್ತು, ಹಿಂದೆ ಹದಿನೆಂಟು.

ಒಂಬತ್ತು ವಾರ, ಎರಡು ಜೋಡಿ ಸ್ಪ್ರಿಂಗು, ನಾಲ್ಕು ಸಲ ಭಟ್ಕಳ, ಒಟ್ಟು ನೂರ ಎಂಟು ಅಳತೆ. ಸಿಕ್ಕಿದ್ದು ಒಂದು ಹೆಬ್ಬೆರಳಿನ ಅಗಲವೂ ಅಲ್ಲ. ಮೀನಿನ ಹೆಂಗಸು ಬಂದು ನೋಡಿ, ಅಂತೂ ಮೊದಲಿನ ಹಾಗೇ ಮಾಡಿದೆಯಲ್ಲ, ಒಳ್ಳೇದಾಯ್ತು ಎಂದಳು. ಅಮ್ಮನನ್ನು ಕರೆದು ನೋಡು ಎಂದೆ. ಅವಳು ಸುತ್ತ ಒಂದು ಬಳಸು ಬಂದು, ತೊಳೆದಿದ್ದೀಯಾ ಎಂದು ಕೇಳಿದಳು. ಆದರೆ ಹಂಪಿನ ಪುಟ ನನ್ನ ಕಡೆ ಇತ್ತು. ಆ ವಾರ ಏಳರಲ್ಲಿ ತಾಗಿದ್ದು ಸೊನ್ನೆ. ಕಲ್ಲಿನ ಸುದ್ದಿಯೂ ಹಲ್ಲಿಗೆ ಬರುತ್ತಿರಲಿಲ್ಲ. ಕತ್ತರಿಸುವುದಕ್ಕೆ ಒಂದು ಹದ ಇರುತ್ತದೆ, ಭಾಯಿಗೆ ಅದು ಕೈಯಲ್ಲಿ ಗೊತ್ತಿತ್ತು, ನಾನು ಕಾಗದದಲ್ಲಿ ಹುಡುಕುತ್ತಿದ್ದೆ.

ಮೇ ಹದಿನೆಂಟು. ಬೆಳಿಗ್ಗೆ ಏಳೂವರೆಗೆ ಕುಮಟಾದಲ್ಲಿದ್ದೆ. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಡ್ಯೂಟಿಗೆ ಹೊರಟವರ ಹಾಗೆ ಜಗುಲಿಯಲ್ಲಿ ನಿಂತಿದ್ದರು. ಕಾರಿನ ಎತ್ತರವನ್ನು ನೋಡಲೂ ಇಲ್ಲ. ನೇರ ಹಿಂದೆ ಹೋಗಿ ಡಿಕ್ಕಿ ತೆರೆದು, ಒಳಗೆ ಇಣುಕಿ, ಮುಚ್ಚಿದರು. ಅತ್ತೆ ಬಾಗಿಲಲ್ಲೇ ನಿಂತು, ಅವರ ಸೊಂಟ ಮನೆಯಲ್ಲಿ ದಿನಾ ಮಾತಾಡುತ್ತದೆ, ಕಾರಿನಲ್ಲಿ ಮಾತಾಡಿದರೆ ಅದಕ್ಕೆ ನೀನು ಹೊಣೆಯಲ್ಲ ಎಂದು ನನ್ನ ಪರ ಮೊದಲೇ ಸಾಕ್ಷಿ ಹೇಳಿದರು.

ಹೊನ್ನಾವರ ದಾಟಿದ ಮೇಲೆ ಮಾವ ರಸ್ತೆಯನ್ನು ಓದಿ ಹೇಳತೊಡಗಿದರು. ಇಲ್ಲಿ ಮೊದಲು ಹೋಟೆಲಿತ್ತು, ಚಾ ಚೆನ್ನಾಗಿರುತ್ತಿತ್ತು. ಇಲ್ಲಿ ಒಬ್ಬಳು ಅಜ್ಜಿ ದಿನಾ ಕೈ ತೋರಿಸಿ ಬಸ್ಸು ನಿಲ್ಲಿಸಿ, ಹತ್ತದೆ, ಗಂಟೆ ಎಷ್ಟೆಂದು ಕೇಳಿ ಕಳಿಸುತ್ತಿದ್ದಳು. ಮಂಕಿ ದಾಟಿದ ಮೇಲೆ ಒಂದು ಕೆಟ್ಟ ಹೊಂಡ ಇದೆ. ನಾನು ಬ್ರೇಕಿಗೆ ಕಾಲಿಡುವ ಮೊದಲೇ ಅವರ ಬಲಗಾಲು ಖಾಲಿ ನೆಲವನ್ನು ಒತ್ತಿತು. ನಾನು ಅವರ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ, ಅವರು ಸೊಂಟದ ಮೇಲೆ ಕೈ ಇಡುತ್ತಾರಾ ಎಂದು. ಇಡಲಿಲ್ಲ. ಭಟ್ಕಳದಲ್ಲಿ ಭಾಯಿ ಕಾರಿನ ಹತ್ತಿರವೇ ಚಾ ತಂದುಕೊಟ್ಟರು. ಇಬ್ಬರೂ ಕಿಟಕಿಯಲ್ಲೇ ಹಳೆಯ ಬಸ್ಸುಗಳ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ನನ್ನನ್ನು ಯಾರೂ ಸೇರಿಸಿಕೊಳ್ಳಲಿಲ್ಲ.

ವಾಪಸು ಕುಮಟಾ, ಹನ್ನೊಂದು ಐವತ್ತು. ಏರು ಹತ್ತಿ ಅಂಗಳದಲ್ಲಿ ನಿಲ್ಲಿಸಿದೆ. ದಾರಿಯುದ್ದಕ್ಕೂ ಸೊಂಟ ಎಂತದೂ ಹೇಳಿರಲಿಲ್ಲ. ನನ್ನ ಎದೆ ಹಗುರಾಗಿತ್ತು.

ಮಾವ ಬಾಗಿಲು ತೆರೆದು ಎರಡೂ ಕಾಲು ಹೊರಗಿಟ್ಟರು. ಏಳಲು ಹೋದರು, ಆಗಲಿಲ್ಲ. ಸ್ವಲ್ಪ ಮುಂದೆ ಸರಿದು ಮತ್ತೆ ಪ್ರಯತ್ನಿಸಿದರು. ನಾನು ಸುತ್ತಿ ಬಂದು ಕೈ ಚಾಚಿದೆ. ಅವರು ಕೈಯನ್ನು ನೋಡಿದರು, ಹಿಡಿಯಲಿಲ್ಲ. ಬಾಗಿಲ ಮೇಲಂಚು ಹಿಡಿದು, ಮೂರನೇ ಸಲಕ್ಕೆ ಎದ್ದು ನಿಂತು, ಅಂಗಿಯ ಮಡಿಕೆ ಸರಿಮಾಡಿಕೊಂಡರು. ಜಗುಲಿಯಿಂದ ಅತ್ತೆಯೂ ನೋಡುತ್ತಿದ್ದರು.

"ಎಷ್ಟು ತಗ್ಸಿದ್ದೆ?" ಮಾವ ಕೇಳಿದರು.

"ಮುಂದೆ ಹದ್ನಾಲ್ಕು, ಹಿಂದೆ ಹದಿನೆಂಟು. ಮಿಲಿಮೀಟರ್."

"ಮೊಣಕಾಲು ಇಪ್ಪತ್ತು ಹೇಳ್ತದೆ."

ಊರಿಗೆಲ್ಲ ಕಾಣದ ಇಳಿತ ಅದೊಂದಕ್ಕೆ ಕಂಡಿತ್ತು. ಉಡುಪಿಯವರ ನಂಬರು ಮಾವನ ಅಂಗಿಯ ಜೇಬಿನಲ್ಲೇ ಇದೆ ಎಂದು ನನಗೆ ಗೊತ್ತಿತ್ತು. ಬೇಕಾದರೆ ಎರಡು ದಿನದಲ್ಲಿ ಕತ್ತರಿಸದ ಸ್ಪ್ರಿಂಗು ಹುಡುಕಿ ಹಾಕಿಸುತ್ತೇನೆ ಎಂದು ಬಾಯಿಗೆ ಬಂತು. ಅಷ್ಟರಲ್ಲಿ ಮಾವ ಕಾರಿನ ಸುತ್ತ ಒಂದು ಸುತ್ತು ನಿಧಾನ ಬಂದರು, ಬಸ್ಸು ಬಿಡುವ ಮುಂಚೆ ಟಯರು ನೋಡುತ್ತ ಬರುವ ಹಾಗೆ. ಈಗ ಎತ್ತರವನ್ನು ನೋಡಿದರು. ಮುಂದಿನ ಚಕ್ರದ ಮೇಲಿನ ಸಂದಿನಲ್ಲಿ ನಾಲ್ಕು ಬೆರಳು ಹಾಕಿ ತೆಗೆದರು.

"ಮಾತು ಸೊಂಟದ್ದು," ಅಂದರು. "ಮೊಣಕಾಲಿಂದು ಕರಾರಲ್ಲಿ ಇಲ್ಲ. ಆತು, ಪೆನ್ನು ಕೊಡು."

ಕಾಗದಗಳನ್ನು ಬಾನೆಟ್ಟಿನ ಮೇಲೆ ಹರಡಿ, ನಿಂತೇ, ನಾಲ್ಕು ಕಡೆ ಸಹಿ ಹಾಕಿದರು. ಬಾನೆಟ್ಟು ಬಿಸಿಯಿತ್ತು, ಕಾಗದ ಸುರುಳಿ ಏಳುತ್ತಿತ್ತು, ಅತ್ತೆ ಬಂದು ಎರಡೂ ಕೈಯಿಂದ ಒತ್ತಿ ಹಿಡಿದರು. ತಾರೀಕಿನ ಜಾಗ ಖಾಲಿ ಬಿಟ್ಟರು, ಅದು ನನ್ನ ಕೆಲಸವಂತೆ. ಆಮೇಲೆ ತಮ್ಮ ಕೀಲಿಗೊಂಚಲಿನಿಂದ ಕಾರಿನ ಇನ್ನೊಂದು ಕೀಲಿಯನ್ನು ಬಿಡಿಸಲು ಹೊರಟರು. ಗೊಂಚಲಿನ ಬಳೆ ಬಿಗಿಯಿತ್ತು, ಉಗುರು ಹಿಡಿಯುತ್ತಿರಲಿಲ್ಲ. ಈ ಸಲ ನಾನು ಸಹಾಯಕ್ಕೆ ಹೋಗಲಿಲ್ಲ. ತುಂಬ ಹೊತ್ತು ಹಿಡಿಯಿತು.

ಊಟಕ್ಕೆ ಏಳುವ ಮುಂಚೆ ಕಾರನ್ನು ತಿರುಗಿಸಿ ರಸ್ತೆಗೆ ಮುಖ ಮಾಡಿ ನಿಲ್ಲಿಸು ಎಂದರು. ಅಂಗಳ ಸಣ್ಣದು, ಹಿಂದೆ ಬಾವಿಯ ಕಟ್ಟೆ. ನಾನು ಹತ್ತಿ ಕೂತೆ. ಮಾವ ಕಾರಿನ ಹಿಂದೆ ಹೋಗಿ ನಿಂತು, ಬರ್ಲಿ, ಬರ್ಲಿ, ಎನ್ನತೊಡಗಿದರು. ಕಟ್ಟೆಗೆ ಒಂದು ಮಾರು ಇರುವಾಗ ಹೋಲ್ಡಾನ್ ಎಂದರು. ಸ್ಟೀರಿಂಗು ಪೂರ್ತಿ ತಿರುಗಿಸಿ ಕಾದೆ. ಮೂವತ್ತೊಂದು ವರ್ಷ ಕಂಡಕ್ಟರರ ಬಾಯಿಂದ ಈ ಮಾತು ಕೇಳಿ ಗಾಡಿ ಬಿಟ್ಟವರು, ಕಾರಿನ ಹಿಂಭಾಗಕ್ಕೆ ಅಂಗೈಯಿಂದ ಎರಡು ಪೆಟ್ಟು ಹೊಡೆದು ಹೇಳಿದರು:

"ರೈಟ್."